ತಲಿಶೂಲಿ, ತಲಿಬ್ಯಾನಿ: ಆಯಿ ಹೇಳಿದ್ದೊಂದು, ನಾನು ಡಾಕ್ಟರಿಗೆ ಹೇಳಿದ್ದೊಂದು

ಇವತ್ತಿನ ಎಪಿಸೋಡು ಒಂದು ಪದದ ಬಗ್ಗೆ. ಸರಿಯಾಗಿ ಹೇಳಬೇಕು ಅಂದ್ರೆ ಎರಡು ಪದ. ಎರಡಕ್ಕೂ ಇವತ್ತು ನಾವು ಒಂದೇ ಅರ್ಥ ಕೊಡ್ತೀವಿ: ತಲೆನೋವು.

ನಮ್ಮೂರು ಘೋಡಗೇರಿ. ಬೆಳಗಾವಿ ಜಿಲ್ಲೆ, ಹುಕ್ಕೇರಿ ತಾಲೂಕು. ಒಂದು ಕಡೆ ಗೋಕಾಕ, ಇನ್ನೊಂದು ಕಡೆ ಹೊಸದಾಗಿ ತಾಲೂಕಾದ ಮೂಡಲಗಿ. ಊರಿನ ಹೆಸರು ಕೇಳಿದ ತಕ್ಷಣ ಸಾಹಿತ್ಯ ಓದಿದೋರು "ಓ, ಕಂಬಾರರ ಊರು" ಅಂತಾರೆ. ಹೌದು, ಚಂದ್ರಶೇಖರ ಕಂಬಾರರು 1937ರ ಜನವರಿ 2ರಂದು ಹುಟ್ಟಿದ್ದು ಇಲ್ಲೇ. ಅವರಿಗೆ 2010ನೇ ಸಾಲಿನ ಜ್ಞಾನಪೀಠ ಬಂದಾಗ ನಮ್ಮೂರ ಹೆಸರು ಟೀವಿಯಲ್ಲಿ ಬಂತು. ನಾನಾಗ ಶಾಲೆಯಲ್ಲಿದ್ದೆ. ನಾವು ಮನೆಯಲ್ಲಿ ಆಡೋ ಭಾಷೆ ತಪ್ಪು, ಪುಸ್ತಕದಲ್ಲಿರೋದು ಸರಿ ಅಂತ ಮಾಸ್ತರರು ತಿದ್ದುತ್ತಿದ್ದ ಕಾಲ. ಅದೇ ತಪ್ಪು ಭಾಷೆಯಲ್ಲಿ ನಾಟಕ, ಕಾವ್ಯ ಬರೆದವರಿಗೆ ದೇಶದ ದೊಡ್ಡ ಪ್ರಶಸ್ತಿ ಬಂದಿದೆ ಅನ್ನೋದು ನಮಗೆ ಆಗ ಪೂರ್ತಿ ತಲೆಗೆ ಹೋಗಲಿಲ್ಲ.

ಆಮೇಲೆ ನಾನೂ ಬೆಂಗಳೂರಿಗೆ ಬಂದೆ. ಎಲ್ಲರ ಹಾಗೆ ಭಾಷೆ ತೊಳೆದುಕೊಂಡೆ. "ಐತಿ" ಹೋಗಿ "ಇದೆ" ಆಯ್ತು. "ದವಾಖಾನಿ" ಹೋಗಿ "ಹಾಸ್ಪಿಟಲ್" ಆಯ್ತು. ಇವತ್ತಿನ ಕಥೆ ಇಲ್ಲಿಂದಲೇ ಶುರು.

ಒಂದು ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮ ಆಯಿ (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ) ಸಂಜೆ ಹಣತೆ ಹಚ್ಚೋವಾಗ ಹೇಳಿದಳು: "ತಮ್ಮಾ, ಹಣತಿ ಸುತ್ತ ಬಣ್ಣದ ಬಳಿ ಕಾಣತಾವ ನೋಡು." ನಾನು ನಕ್ಕು ಫೋಟೋ ತೆಗೆದೆ. ಆಯಿ ಹಬ್ಬದ ಖುಷಿಯಲ್ಲಿ ಕವಿತೆ ಹೇಳ್ತಿದ್ದಾಳೆ ಅಂದ್ಕೊಂಡೆ. ರಾತ್ರಿ ವಾಂತಿ ಆಯ್ತು. ಕರಿಗಡಬು, ಚಕ್ಕುಲಿ, ಎಣ್ಣೆ ಅಂತ ಎಲ್ಲರೂ ಅಂದ್ಕೊಂಡ್ವಿ. ಬೆಳಿಗ್ಗೆ ಎದ್ದು ತಲೆಗೆ ಸೀರೆಯ ಸೆರಗು ಬಿಗಿಯಾಗಿ ಕಟ್ಟಿಕೊಂಡು ಗೋಡೆಗೆ ಆತು ಕೂತಿದ್ದಳು. "ಅರಿತಲಿ ಶೂಲಿ ಎದ್ದೈತಿ. ಕಣ್ಣಗುಡ್ಡಿ ಹಿಂದ ಯಾರೋ ಗೂಟ ಬಡದಂಗ ಆಗಾಕತ್ತೈತಿ. ಇದು ತಲಿಬ್ಯಾನಿ ಅಲ್ಲಪಾ, ಶೂಲಿ."

ಈ ಕೊನೇ ವಾಕ್ಯ ನೆನಪಿಟ್ಟುಕೊಳ್ಳಿ. ಅದೇನು ಹೇಳ್ತಿತ್ತು ಅನ್ನೋದನ್ನ ತಿಳ್ಕೊಳ್ಳೋಕೆ ನನಗೆ ವರ್ಷ ಬೇಕಾಯ್ತು.

ಹತ್ತಿರದ ಪಟ್ಟಣದ ಒಂದು ಸಣ್ಣ ದವಾಖಾನೆಗೆ ಕರ್ಕೊಂಡು ಹೋದೆ. ಅಲ್ಲಿದ್ದ ಡಾಕ್ಟರು ಬೇರೆ ಕಡೆಯವರು, ಹುಡುಗ, ಒಳ್ಳೆಯವರು. ಆಯಿ ಮಾತಾಡೋಕೆ ಬಾಯಿ ತೆಗೆದಳು. ನಾನು ನಡುವೆ ಹೋಗಿ, "ಸರ್, ತಲೆನೋವಂತೆ, ವಾಂತಿ ಆಗಿದೆ" ಅಂದೆ. ಇಷ್ಟೇ. ಆಯಿ ಹೇಳಿದ್ದು ಹತ್ತು ಪದ, ನಾನು ಹೇಳಿದ್ದು ಒಂದು. ಡಾಕ್ಟರು ಬಿ.ಪಿ. ನೋಡಿದರು, ವಾಂತಿಗೆ ಒಂದು, ನೋವಿಗೆ ಒಂದು ಗುಳಿಗೆ ಬರೆದರು. ನನ್ನ ಮಾತು ಕೇಳಿದ ಯಾರೇ ಆದರೂ ಅದನ್ನೇ ಬರೀತಿದ್ದರು ಅಂತ ನನಗೆ ಈಗಲೂ ಅನ್ನಿಸುತ್ತೆ.

ಇಲ್ಲಿ ಆಯಿಯನ್ನ ಸ್ವಲ್ಪ ಹೊತ್ತು ಬಿಟ್ಟು ಪದದ ಕಡೆ ಹೋಗೋಣ.

ಮೊದಲು "ಬ್ಯಾನಿ". ಇದು ಬೇನೆ. ಕೇಳೋಕೆ ಅಪ್ಪಟ ಹಳ್ಳಿ ಮಾತು, ಅಚ್ಚಗನ್ನಡ ಅನ್ನಿಸುತ್ತೆ ಅಲ್ವಾ? ಅಲ್ಲ. ಇದು ಸಂಸ್ಕೃತದ "ವೇದನಾ". ಪ್ರಾಕೃತದಲ್ಲಿ ನಡುವಿನ ದಕಾರ ಸವೆದು "ವೇಅಣಾ" ಆಯ್ತು. ಕನ್ನಡಕ್ಕೆ ಬರೋವಾಗ ವಕಾರ ಬಕಾರ ಆಯ್ತು, ಕೊನೆಯ ಆಕಾರ ಎಕಾರ ಆಯ್ತು. ವೀಥಿ ಬೀದಿ ಆದ ಹಾಗೆ, ವಿದ್ಯೆ ಬಿಜ್ಜೆ ಆದ ಹಾಗೆ, ವೇದನೆ ಬೇನೆ ಆಯ್ತು. ಹೀಗೆ ರೂಪ ಬದಲಿಸಿಕೊಂಡು ಬಂದ ಪದಗಳಿಗೆ ತದ್ಭವ ಅಂತ ಹೈಸ್ಕೂಲಲ್ಲಿ ಓದಿರ್ತೀರಿ. ಅಂಕ ತಗೊಳ್ಳೋಕೆ ಬಾಯಿಪಾಠ ಮಾಡಿರ್ತೀರಿ. 13ನೇ ಶತಮಾನದಲ್ಲಿ ಕೇಶಿರಾಜ "ಶಬ್ದಮಣಿದರ್ಪಣ" ಬರೆದಾಗ ಇಂಥ ಪದಗಳಿಗಾಗಿಯೇ ಅಪಭ್ರಂಶ ಪ್ರಕರಣ ಅಂತ ಒಂದು ಭಾಗ ಇಟ್ಟ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಕಿಟೆಲ್ ನಿಘಂಟು ಕೂಡ ಬೇನೆಯನ್ನ ವೇದನೆಯ ತದ್ಭವ ಅಂತಲೇ ಗುರುತಿಸುತ್ತೆ.

ಬೇನೆ ಘೋಡಗೇರಿಗೆ ಬಂದ ಮೇಲೆ ಇನ್ನೊಂದು ತಿರುವು ತಗೊಂಡಿತು. ನಮ್ಮ ಕಡೆ ಏಕಾರ ಬಾಯಲ್ಲಿ ಹಿಗ್ಗುತ್ತೆ: ಬೇಳೆ ಬ್ಯಾಳಿ, ಬೇಸಿಗೆ ಬ್ಯಾಸಿಗಿ. ಕೊನೆಯ ಎಕಾರ ಇಕಾರ ಆಗುತ್ತೆ: ಮನೆ ಮನಿ, ತಲೆ ತಲಿ. ಹಾಗಾಗಿ ತಲೆಬೇನೆ ತಲಿಬ್ಯಾನಿ. ನಾನು ಬೆಂಗಳೂರಲ್ಲಿ ನಾಚಿಕೆಯಿಂದ ಬಿಟ್ಟ ಮಾತಿನ ಒಳಗೆ ಸಂಸ್ಕೃತ, ಪ್ರಾಕೃತ ಎರಡೂ ಕೂತಿವೆ. ಅದರ ಬದಲು ನಾನು "ಶಿಷ್ಟ" ಅಂತ ಹಿಡಿದುಕೊಂಡ "ನೋವು" ಇದೆಯಲ್ಲ, ಅದು ಅಪ್ಪಟ ದ್ರಾವಿಡ ಪದ! ತಮಿಳಿನಲ್ಲೂ ನೋವು ಇದೆ, ನೋಯ್ ಇದೆ. ಯಾವುದು ಹಳ್ಳಿ, ಯಾವುದು ಶಿಷ್ಟ ಅನ್ನೋ ನಮ್ಮ ಲೆಕ್ಕ ಎಷ್ಟು ಉಲ್ಟಾ ಇರುತ್ತೆ ನೋಡಿ.

ಇನ್ನೊಂದು ಮಜಾ. ಆಯಿ ಬಾಯಲ್ಲಿ ಬ್ಯಾನಿ ಅಂತ ಬರೀ ಹೇಳಿದ್ರೆ, ಹಿಂದೆ ತಲೆ ಹೊಟ್ಟೆ ಏನೂ ಸೇರಿಸದೆ, ಅದಕ್ಕೆ ಎರಡು ಅರ್ಥ. ಒಂದು ಕಾಯಿಲೆ. "ಏನ ಬ್ಯಾನಿ ಬಂದೈತಿ ನಿನಗ?" ಅಂತ ಬೈಗುಳದಲ್ಲಿ ಬರೋದು ಇದೇ; ಕೆಲಸ ಹೇಳಿದರೆ ಮಾಡದೆ ಕೂತ ಮೊಮ್ಮಗನಿಗೆ ದಿನಕ್ಕೆ ನಾಲ್ಕು ಸಲ ಸಿಗ್ತಿತ್ತು. ಇನ್ನೊಂದು ಹೆರಿಗೆ ನೋವು. "ಆಕಿಗೆ ಬ್ಯಾನಿ ಸುರು ಆಗ್ಯಾವ" ಅಂದ್ರೆ ಮನೆಯ ಗಂಡಸರು ಗಾಡಿ ಹುಡುಕೋಕೆ ಓಡಬೇಕು ಅಂತ. ಗಡಿ ದಾಟಿ ಮರಾಠಿಗೆ ಹೋದರೆ ಅಲ್ಲಿ ಹೆರಿಗೆ ನೋವಿಗೆ "ವೇಣಾ" ಅಂತಾರೆ. ಅದೂ ಇದೇ ವೇದನಾ. ನಮ್ಮಲ್ಲಿ ಬ್ಯಾನಿ, ಅವರಲ್ಲಿ ವೇಣಾ. ಗಡಿ ಬಗ್ಗೆ ಅಷ್ಟೊಂದು ಜಗಳ ಆಡಿದ ಜಿಲ್ಲೆ ನಮ್ಮದು. ಮಗು ಹುಟ್ಟೋ ನೋವಿಗೆ ಎರಡೂ ಕಡೆಯ ಹೆಂಗಸರು ಒಂದೇ ಪದದ ಎರಡು ತುಂಡು ಇಟ್ಟುಕೊಂಡಿದ್ದಾರೆ. 1956ರ ನವೆಂಬರ್ 1ರವರೆಗೂ ಬೆಳಗಾವಿ ಮುಂಬೈಗೆ ಸೇರಿತ್ತು ಅನ್ನೋದನ್ನ ಮರೀಬೇಡಿ. "ದವಾಖಾನಿ" ನಮಗೆ ಬಂದದ್ದೂ ಆ ಕಡೆಯ ಗಾಳಿಯಿಂದಲೇ. ಹಳೇ ಮೈಸೂರಿನವರು ಆಸ್ಪತ್ರೆ ಅಂದಾಗ ನಾವು ಪಾರ್ಸಿ ಪದ ಹಿಡಿದುಕೊಂಡ್ವಿ.

ಹಾಗಾದ್ರೆ ತಲೆಬೇನೆ ಸತ್ತುಹೋದ ಪದವಾ? ನಮ್ಮೂರಲ್ಲಿ ನನ್ನ ವಯಸ್ಸಿನ ಯಾರೂ ಹೇಳಲ್ಲ. ಆದರೆ ಕರಾವಳಿಗೆ ಹೋಗಿ. ತುಳುವಿನಲ್ಲಿ ತಲೆನೋವಿಗೆ "ತರೆಬೇನೆ" ಅಂತಾರೆ, ಹುಡುಗರೂ ಅಂತಾರೆ. ಕಾಸರಗೋಡು, ಪುತ್ತೂರು ಕಡೆಯ ಹವ್ಯಕರ ಮನೆಗಳಲ್ಲಿ "ತಲೆಬೇನೆ", "ಹೊಟ್ಟೆಬೇನೆ" ಇವತ್ತಿಗೂ ಮಾಮೂಲಿ ಮಾತು. ಬೆಂಗಳೂರಿನ ಪಿ.ಜಿ.ಯಲ್ಲಿ ನನ್ನ ಪಕ್ಕದ ಮಂಚದ ಹುಡುಗ ಕಾಸರಗೋಡಿನವನು. ಒಂದಿನ ಫೋನಲ್ಲಿ ಅಮ್ಮನ ಹತ್ತಿರ "ತಲೆಬೇನೆ" ಅಂದಾಗ ನಾನು ಬೆಚ್ಚಿಬಿದ್ದೆ. ರಾಜ್ಯದ ಉತ್ತರದ ತುದಿಯ ನನ್ನ ಆಯಿಯ ಪದ, ಕೇರಳದ ಒಳಗಿರೋ ಹುಡುಗನ ಬಾಯಲ್ಲಿ. ನಡುವೆ ಬೆಂಗಳೂರು ಮೈಸೂರು ಮಾತ್ರ ಬಿಟ್ಟುಬಿಟ್ಟಿವೆ.

ಅಲ್ಲ, ಪೂರ್ತಿ ಬಿಟ್ಟಿಲ್ಲ. ಇದು ನನಗೆ ತುಂಬಾ ಹಿಡಿಸಿದ ಸಂಗತಿ. ಪಶುವೈದ್ಯ ಇಲಾಖೆಯವರು ಲಸಿಕೆ ಹಾಕೋಕೆ ಊರಿಗೆ ಬಂದಾಗ ಏನು ಕೂಗಿಸ್ತಾರೆ? "ಕಾಲುಬಾಯಿ ಬೇನೆ." ಎಮ್ಮೆಗೆ ಬರೋದು "ಗಂಟಲುಬೇನೆ", ದನಕ್ಕೆ ಬರೋದು "ಚಪ್ಪೆಬೇನೆ". ಮನುಷ್ಯರಿಗೆಲ್ಲ ರೋಗ, ಕಾಯಿಲೆ, ನೋವು, ಸಿಂಡ್ರೋಮು. ಬೇನೆ ದನಕರುಗಳ ಪಾಲಿಗೆ ಉಳಿದಿದೆ. ಕನ್ನಡದಲ್ಲಿ ದನದ ವೈದ್ಯಕ್ಕೆ ಹಳೇ ಪರಂಪರೆಯೇ ಇದೆ ಅನ್ನಿ. ಚಾಲುಕ್ಯ ವಂಶದ ಕೀರ್ತಿವರ್ಮ 12ನೇ ಶತಮಾನದಲ್ಲೇ "ಗೋವೈದ್ಯ" ಅಂತ ಪುಸ್ತಕ ಬರೆದಿದ್ದ.

ಇಂಗ್ಲಿಷಿನಲ್ಲೂ ಇಂಥದ್ದೇ ಒಂದು ಕಥೆ ಇದೆ. ಇವತ್ತು ಎಲ್ಲರ ಬಾಯಲ್ಲಿ ಇರೋದು "ಮೈಗ್ರೇನ್". ಅದರ ಹಳೇ ರೂಪ "ಮೆಗ್ರಿಮ್". ನೂರಿನ್ನೂರು ವರ್ಷ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುತ್ತೆ. ಮೆಗ್ರಿಮ್ ಅಂದ್ರೆ ಅರ್ಧ ತಲೆನೋವು. ಬಹುವಚನದಲ್ಲಿ ಮೆಗ್ರಿಮ್ಸ್ ಅಂದ್ರೆ ಮಂಕು, ಖಿನ್ನತೆ. ಸುಮ್ಮನೆ ತಲೆಗೆ ಬರೋ ವಿಚಿತ್ರ ಹುಕಿಗೂ ಅದೇ ಪದ. ಅದರ ಜೊತೆಗೆ ಕುದುರೆಗೆ ತಲೆ ಸುತ್ತಿ ತೂರಾಡೋ ರೋಗಕ್ಕೂ ಮೆಗ್ರಿಮ್ಸ್ ಅಂತಲೇ ಹೆಸರಿತ್ತು. ಮನುಷ್ಯರು ಹೊಸ ಫ್ರೆಂಚ್ ಉಚ್ಚಾರದ ಮೈಗ್ರೇನ್ ತಗೊಂಡರು. ಹಳೇ ಪದವನ್ನ ನಿಘಂಟಿನಲ್ಲಿ "ಹಳತು" ಅನ್ನೋ ಚೀಟಿ ಅಂಟಿಸಿ ಇಟ್ಟರು.

ಈ ಮೆಗ್ರಿಮ್, ಮೈಗ್ರೇನ್ ಎರಡೂ ಹುಟ್ಟಿದ್ದು ಗ್ರೀಕಿನ "ಹೆಮಿಕ್ರೇನಿಯಾ" ಅನ್ನೋ ಪದದಿಂದ. ಹೆಮಿ ಅಂದ್ರೆ ಅರ್ಧ, ಕ್ರೇನಿಯಾನ್ ಅಂದ್ರೆ ತಲೆಬುರುಡೆ. ರೋಮ್‌ನಲ್ಲಿದ್ದ ವೈದ್ಯ ಗ್ಯಾಲನ್ ಸುಮಾರು 1,800 ವರ್ಷ ಹಿಂದೆ ಈ ಪದ ಬಳಸಿದ್ದಾನೆ. ಅಂದ್ರೆ ಅರೆತಲೆ. ನಮ್ಮ ಆಯಿ ಹೇಳಿದ್ದೇನು? ಅರಿತಲಿ! ಮರಾಠಿಯವರ ಅರ್ಧಶಿಶಿ, ಹಿಂದಿಯವರ ಆಧಾಸೀಸಿ ಎರಡೂ ಅದೇ. ಅರಬ್ಬಿಯಲ್ಲಿ ಶಕೀಕಾ, ಸೀಳಿದ ಒಂದು ಭಾಗ ಅನ್ನೋ ಅರ್ಥ. ತಮಿಳಿನವರು ಒಟ್ರೈ ತಲೈವಲಿ, ಒಂಟಿ ತಲೆನೋವು ಅಂತಾರೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ತಲೆಯ ರೋಗಗಳು 11 ಬಗೆ; ಅದರಲ್ಲಿ ಒಂದು ಅರ್ಧಾವಭೇದಕ, ಅರ್ಧವನ್ನ ಸೀಳೋದು. ಗ್ರೀಕ್ ವೈದ್ಯ, ಅರಬ್ ಹಕೀಮ, ಸುಶ್ರುತ, ಘೋಡಗೇರಿಯ ಆಯಿ ಎಲ್ಲರೂ ತಲೆಯ ನಡುವೆ ಒಂದು ಗೆರೆ ಎಳೆದು, ನೋವು ಈ ಕಡೆ ಇದೆ ಆ ಕಡೆ ಇಲ್ಲ ಅಂತ ತೋರಿಸಿದ್ದಾರೆ. ಯಾರಿಂದ ಯಾರು ಕಲಿತರು ಅನ್ನೋ ಪ್ರಶ್ನೆಗೆ ನಾನು ಹೋಗಲ್ಲ. ಅಂಥ ನೋವು ಬಂದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆ 11ರಲ್ಲಿ ಇನ್ನೊಂದು ಹೆಸರು ನನಗಿಷ್ಟ: ಸೂರ್ಯಾವರ್ತ. ಹೊತ್ತು ಹುಟ್ಟಿದಾಗ ಶುರುವಾಗಿ, ಸೂರ್ಯ ಏರಿದ ಹಾಗೆ ಏರಿ, ಮಧ್ಯಾಹ್ನಕ್ಕೆ ತುದಿ ಮುಟ್ಟಿ, ಹೊತ್ತು ಇಳಿದ ಹಾಗೆ ಇಳಿಯೋ ನೋವು. ಸೈನಸ್ ಇರೋರು ಈಗ ತಲೆ ಆಡಿಸ್ತಿರ್ತೀರಿ. ಗಡಿಯಾರ ಇಲ್ಲದ ಕಾಲದಲ್ಲಿ ರೋಗಿ ವೈದ್ಯನಿಗೆ ನೋವಿನ ಟೈಮ್‌ಟೇಬಲ್ಲನ್ನೇ ಒಂದು ಪದದಲ್ಲಿ ಕೊಡಬಹುದಿತ್ತು. ಈ ಜ್ಞಾನ ಸಂಸ್ಕೃತದಲ್ಲೇ ಬೀಗ ಹಾಕ್ಕೊಂಡು ಕೂತಿರಲಿಲ್ಲ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನ "ಕರ್ಣಾಟಕ ಕಲ್ಯಾಣಕಾರಕ" ಅಂತ ಕನ್ನಡಕ್ಕೆ ತಂದ.

ಈಗ ಎರಡನೇ ಪದ, ಶೂಲಿ.

ಶೂಲ ಅಂದ್ರೆ ಮೊನೆ ಇರೋ ಈಟಿ, ಚೂಪಾದ ಗೂಟ. ಮೂರು ಮೊನೆ ಇದ್ದರೆ ತ್ರಿಶೂಲ. ಹಿಂದಿನ ಕಾಲದಲ್ಲಿ ಕಳ್ಳರನ್ನ ಶೂಲಕ್ಕೆ ಏರಿಸ್ತಿದ್ದರು ಅಂತ ಕಥೆಗಳಲ್ಲಿ ಕೇಳಿರ್ತೀರಿ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಅನ್ನೋ ಋಷಿಯ ಕಥೆ ಇದೆ. ಕಳ್ಳರು ಅವನ ಆಶ್ರಮದಲ್ಲಿ ಅಡಗಿದ್ದರು, ಮೌನವ್ರತದಲ್ಲಿದ್ದ ಋಷಿ ಬಾಯಿ ಬಿಡಲಿಲ್ಲ, ರಾಜ ಅವನನ್ನೂ ಶೂಲಕ್ಕೇರಿಸಿದ. ಕೊನೆಗೆ ಇಳಿಸಿದರೂ ಶೂಲದ ತುದಿ ಮೈಯೊಳಗೇ ಉಳಿದು, ಅವನಿಗೆ ಅಣಿಮಾಂಡವ್ಯ ಅಂತ ಹೆಸರಾಯ್ತು. ಮೈಯೊಳಗೆ ಮುರಿದು ಉಳಿದ ಮೊನೆ! ವೈದ್ಯರು ಇದೇ ಪದವನ್ನ ಚುಚ್ಚೋ ನೋವಿಗೆ ಇಟ್ಟರು. ಹೊಟ್ಟೆಶೂಲೆ, ತಲೆಶೂಲೆ, ಸಂಸ್ಕೃತದವರ ಶಿರಃಶೂಲ. ಮರಾಠಿಯಲ್ಲಿ ಪೋಟಶೂಳ ಅಂದ್ರೆ ಹೊಟ್ಟೆಶೂಲೆ. ಆದರೆ "ಅವನಿಗೆ ಪೋಟಶೂಳ ಎದ್ದಿದೆ" ಅಂದ್ರೆ ಪಕ್ಕದ ಮನೆಯವನು ಟ್ರ್ಯಾಕ್ಟರ್ ತಗೊಂಡಿದ್ದು ನೋಡಿ ಹೊಟ್ಟೆ ಉರೀತಿದೆ ಅಂತ. ನಾವು ಹೊಟ್ಟೆಕಿಚ್ಚು ಅಂತ ಬೆಂಕಿ ಇಟ್ಟುಕೊಂಡ್ವಿ, ಅವರು ಈಟಿ ಇಟ್ಟುಕೊಂಡರು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಸರಿ ಮಾಡಿಬಿಡ್ತೀನಿ, ಯಾಕಂದ್ರೆ ನಾನೇ ತಪ್ಪು ತಿಳ್ಕೊಂಡಿದ್ದೆ. ಸೂಲಗಿತ್ತಿ ಅನ್ನೋ ಪದ ಈ ಶೂಲೆಯಿಂದ ಬಂದಿದ್ದಲ್ಲ. ಹೆರಿಗೆ ನೋವು ಚುಚ್ಚುತ್ತೆ, ಶೂಲೆ, ಸೂಲಗಿತ್ತಿ ಅಂತ ಲೆಕ್ಕ ಕೂಡಿಸಿದರೆ ಚೆನ್ನಾಗಿ ಕಾಣುತ್ತೆ. ಆದರೆ ಸೂಲು ಬೇರೆಯೇ ಪದ, ದ್ರಾವಿಡದ್ದು, ಬಸಿರು ಹೆರಿಗೆ ಅನ್ನೋ ಅರ್ಥದ್ದು, ತಮಿಳಿನಲ್ಲಿ ಚೂಲ್. ದನದ ಸಂತೆಯಲ್ಲಿ "ಎರಡನೇ ಸೂಲಿನ ಎಮ್ಮೆ" ಅಂತ ದರ ಹೇಳೋದು ಅದೇ ಸೂಲು. 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮ ಅವರ ಹೆಸರಲ್ಲಿರೋದೂ ಅದೇ. ಚೆಂದ ಕಾಣೋ ವ್ಯುತ್ಪತ್ತಿಗಳನ್ನ ವಾಟ್ಸಾಪಿನಲ್ಲಿ ಕಂಡಾಗ ಸ್ವಲ್ಪ ತಡೆದು ಫಾರ್ವರ್ಡ್ ಮಾಡಿ.

ಮತ್ತೆ, ಸಂಸ್ಕೃತದಲ್ಲಿ "ಶೂಲಿ" ಅಂದ್ರೆ ಶೂಲ ಹಿಡಿದವನು, ಸಾಕ್ಷಾತ್ ಶಿವ. ಆಯಿ "ಶೂಲಿ ಎದ್ದೈತಿ" ಅಂದಾಗ ಶಿವ ಎದ್ದಿದ್ದಾನೆ ಅಂತ ಅಲ್ಲ. ನಮ್ಮ ಶೂಲಿ ಶೂಲೆಯ ಇಕಾರ, ಅಷ್ಟೇ.

ಇದೆಲ್ಲ ಓದುತ್ತಾ ಹೋದಾಗ ನನಗೆ ಆಯಿಯ ಲೆಕ್ಕ ಅರ್ಥ ಆಯ್ತು. ಅವಳ ಹತ್ತಿರ ಒಂದಲ್ಲ, ಮೂರು ಡಬ್ಬಿ ಇದ್ದವು. ಹೊಲದಲ್ಲಿ ಬಗ್ಗಿ ಕಳೆ ತೆಗೆದು ಬಂದ ಸಂಜೆ ಮೈಗೆ ಇರೋದು ನೋವು. "ಮೈ ನೋಯಾಕತ್ತೈತಿ" ಅಂದ್ರೆ ಮಲಗಿದರೆ ಹೋಗುತ್ತೆ ಅಂತ. ಒಳಗಿನಿಂದ ಬಂದು ದಿನಗಟ್ಟಲೆ ಕೂರೋದು, ಕಾಯಿಲೆಯ ವಾಸನೆ ಇರೋದು ಬ್ಯಾನಿ. ಅದಕ್ಕೆ ಶುಂಠಿ ತೇದು ಹಣೆಗೆ ಹಚ್ಚೋದು, ಕಷಾಯ ಕುಡಿಯೋದು, ದೃಷ್ಟಿ ತೆಗೆಯೋದು. ಏಕಾಏಕಿ ಎದ್ದು, ಒಂದೇ ಜಾಗದಲ್ಲಿ ಮೊನೆ ಹಾಕಿ ಚುಚ್ಚೋದು ಶೂಲಿ. ಅದರ ಕ್ರಿಯಾಪದವೂ ಬೇರೆ ನೋಡಿ: ನೋವು ಆಗುತ್ತೆ, ಬ್ಯಾನಿ ಬರುತ್ತೆ, ಶೂಲಿ ಏಳುತ್ತೆ. ಹಾವು ಎದ್ದ ಹಾಗೆ.

ಇದು ಇಡೀ ಬೆಳಗಾವಿ ಜಿಲ್ಲೆಯ ನಿಯಮ ಅಂತ ನಾನು ಹೇಳ್ತಿಲ್ಲ. ಪಕ್ಕದ ಮನೆಯ ಕಾಕು ಮೂರನ್ನೂ ಕಲಸಿ ಮಾತಾಡ್ತಾಳೆ. ಇದು ನಮ್ಮ ಆಯಿಯ ಲೆಕ್ಕ. ಆದರೆ ಅವಳ ಒಳಗೆ ಅದು ಪಕ್ಕಾ ಇತ್ತು.

ಈ ಮೂರು ಡಬ್ಬಿ ಒಂದೇ ಡಬ್ಬಿ ಆಗಿದ್ದು ಹೇಗೆ? ನನ್ನ ಊಹೆಯನ್ನ ಹೇಳ್ತೀನಿ. ಔಷಧಿ ಒಂದೇ ಆದಾಗ ಪದ ಒಂದೇ ಸಾಕಾಗುತ್ತೆ. 1893ರಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಅನ್ನೋ ತೆಲುಗಿನವರು ಮುಂಬೈಯಲ್ಲಿ ಅಮೃತಾಂಜನ ಶುರು ಮಾಡಿದರು. 1899ರಲ್ಲಿ ಜರ್ಮನಿಯ ಬೇಯರ್ ಕಂಪನಿ ಆಸ್ಪಿರಿನ್ ಹೆಸರಿನ ಮಾತ್ರೆಯ ಪುಡಿ ಮಾರುಕಟ್ಟೆಗೆ ತಂತು. ಆಮೇಲೆ ಅನಾಸಿನ್, ಸಾರಿಡಾನ್ ಕಿರಾಣಿ ಅಂಗಡಿಯ ಬರಣಿಯ ಪಕ್ಕ ಬಂದು ಕೂತವು. ಎಡಕ್ಕೆ ಬಂದರೂ ಬಲಕ್ಕೆ ಬಂದರೂ, ಬೆಳಿಗ್ಗೆ ಬಂದರೂ ರಾತ್ರಿ ಬಂದರೂ ಅದೇ ಗುಳಿಗೆ. ಡಬ್ಬಿ ಮೇಲೆ, ಜಾಹೀರಾತಿನಲ್ಲಿ ಬರೆಯೋಕೆ ಎಲ್ಲ ಕಡೆ ನಡೆಯೋ ಒಂದು ಪದ ಬೇಕಿತ್ತು, ತಲೆನೋವು ಸಿಕ್ಕಿತು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯ್ತು. ನಾಟಕ, ಜಾನಪದ ಹಾಡಿನಲ್ಲಿ ನಮ್ಮ ಭಾಷೆ ಕೇಳಿಸ್ತಿತ್ತು, ಆದರೆ ವಾರ್ತೆ ಓದೋದು ಪುಸ್ತಕದ ಕನ್ನಡದಲ್ಲಿ. ಪಠ್ಯಪುಸ್ತಕವೂ ಅಷ್ಟೇ. ಈಗ ನೋಡಿ, ಪೇಪರಿನಲ್ಲಿ ಬಂಡಾಯ ಶಾಸಕರು ಪಕ್ಷಕ್ಕೆ ತಲೆನೋವು, ಗುಂಡಿ ಬಿದ್ದ ರಸ್ತೆ ಪಾಲಿಕೆಗೆ ತಲೆನೋವು. ಇಂಗ್ಲಿಷಿನ ಹೆಡ್ಏಕ್‌ಗೂ ಈ ಅರ್ಥ ಬಂದಿದ್ದು 20ನೇ ಶತಮಾನದಲ್ಲೇ. ನಿಜವಾದ ತಲೆಗೆ ಬರೋ ತಲೆನೋವಿಗಿಂತ ಸರ್ಕಾರಕ್ಕೆ ಬರೋ ತಲೆನೋವೇ ಜಾಸ್ತಿ ಆಗಿದೆ.

ಆಯಿ ಕಡೆ ವಾಪಸ್ ಬರೋಣ.

ಗುಳಿಗೆ ತಗೊಂಡ ಮೇಲೆ ಸ್ವಲ್ಪ ಕಡಿಮೆ ಆದ ಹಾಗೆ ಆಯ್ತು, ಮತ್ತೆ ಎದ್ದಿತು. ಎಡಗಣ್ಣು ಕೆಂಪಗಾಗಿತ್ತು. ಅತ್ತಿದ್ದಕ್ಕೆ ಅಂದ್ಕೊಂಡ್ವಿ. ಮೂರನೇ ದಿನ "ತಮ್ಮಾ, ಈ ಕಣ್ಣಾಗ ನಿನ್ನ ಮಾರಿ ಕಾಣವಲ್ದು" ಅಂದಳು. ಆಗ ಬೆಳಗಾವಿಗೆ ಕರ್ಕೊಂಡು ಹೋದ್ವಿ. ಅಲ್ಲಿ ಕಣ್ಣಿನ ಡಾಕ್ಟರು ಒಬ್ಬ ಹೆಂಗಸು, ನಮ್ಮ ಕಡೆಯವರೇ. ನಾನು ಶುರು ಮಾಡಿದೆ, "ಮೇಡಂ, ಮೂರು ದಿನದಿಂದ ತಲೆನೋ..." ಅವರು ಕೈ ಮಾಡಿ ನನ್ನನ್ನ ಸುಮ್ಮನಿರಿಸಿ ಆಯಿ ಕಡೆ ತಿರುಗಿದರು. "ನೀವ ಹೇಳ್ರಿ ಆಯಿ. ಏನ ಆಗೈತಿ?"

ಆಯಿ ಹೇಳಿದಳು. ಹಣತಿ ಸುತ್ತ ಬಣ್ಣದ ಬಳಿ. ಅರಿತಲಿ ಶೂಲಿ. ಕಣ್ಣಗುಡ್ಡಿ ಹಿಂದ ಗೂಟ. ವಾಂತಿ. ಬ್ಯಾನಿ ಅಲ್ಲ, ಶೂಲಿ.

ಡಾಕ್ಟರು ಕಣ್ಣಿನ ಒತ್ತಡ ಅಳೆಯೋ ಮೊದಲೇ ಅವರ ಮುಖ ಬದಲಾಯ್ತು. ಅದು ಗ್ಲಾಕೋಮಾ, ಅದರಲ್ಲೂ ಏಕಾಏಕಿ ಬರೋ ಬಗೆ. ಕಣ್ಣಿನ ಒಳಗೆ ಯಾವಾಗಲೂ ಒಂದು ನೀರು ಹುಟ್ಟಿ ಹರಿದು ಹೊರಗೆ ಹೋಗ್ತಿರುತ್ತೆ. ವಯಸ್ಸಾದ ಕೆಲವರಲ್ಲಿ, ಹೆಂಗಸರಲ್ಲಿ ಹೆಚ್ಚು, ಅದು ಹೊರಹೋಗೋ ಮೂಲೆ ಕಿರಿದಾಗಿರುತ್ತೆ. ಒಂದಿನ ಆ ಮೂಲೆ ಮುಚ್ಚಿಕೊಂಡರೆ ನೀರು ಒಳಗೇ ಕಟ್ಟಿ, ಕಣ್ಣುಗುಡ್ಡೆ ಕಲ್ಲಿನ ಹಾಗೆ ಬಿಗಿಯಾಗಿ, ಹಿಂದಿರೋ ನರವನ್ನ ಒತ್ತಿ ಸಾಯಿಸುತ್ತೆ. ದೀಪದ ಸುತ್ತ ಬಣ್ಣದ ಉಂಗುರ ಕಾಣೋದು, ಒಂದು ಕಡೆಯ ಕಣ್ಣು ತಲೆ ಸಿಡಿಯೋದು, ವಾಂತಿ, ಕೆಂಪು ಕಣ್ಣು, ಮಂಜು. ಇವು ಒಟ್ಟಿಗೆ ಬಂದರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಗಂಟೆಗಳ ಲೆಕ್ಕ ಅದು. ನಾವು ಹೋಗಿದ್ದು ಮೂರನೇ ದಿನ.

ಎಡಗಣ್ಣು ಉಳಿಯಲಿಲ್ಲ. ಬೆಳಕು ಕತ್ತಲು ಗೊತ್ತಾಗುತ್ತೆ, ಅಷ್ಟೇ. ಬಲಗಣ್ಣಿನ ಮೂಲೆಯೂ ಕಿರಿದಾಗಿತ್ತು. ಅದಕ್ಕೆ ಲೇಸರಿನಿಂದ ಒಂದು ಸಣ್ಣ ತೂತು ಮಾಡಿ ನೀರಿಗೆ ಬೇರೆ ದಾರಿ ಬಿಟ್ಟರು. ಆ ಕಣ್ಣು ಚೆನ್ನಾಗಿದೆ.

ಗಾಡಿಯಲ್ಲಿ ವಾಪಸ್ ಬರುವಾಗ ನಾನು ಬಾಯಿ ಬಿಡಲಿಲ್ಲ. ಡಾಕ್ಟರು ನನಗೆ ಏನೂ ಬೈದಿರಲಿಲ್ಲ; "ಮುಂದ ಆಯಿ ಹೇಳೂದ ಆಯಿನ ಹೇಳಲಿ" ಅಂತ ಒಂದೇ ಮಾತು ಹೇಳಿದ್ದರು. ಸಂಕೇಶ್ವರ ರೋಡಿನಲ್ಲಿ ಎಲ್ಲೋ ಆಯಿ ತಾನೇ ಶುರು ಮಾಡಿದಳು. "ಯಾಕಪಾ, ತಲಿಬ್ಯಾನಿ ಬಂತೇನ ನಿನಗ?"

ನಾನು ಹೌದು ಅಂದೆ.

ಆಮೇಲೆ ನಾನು ಒಂದು ಕೆಲಸ ಶುರು ಮಾಡಿದೆ. ಊರಿಗೆ ಹೋದಾಗೆಲ್ಲ ಫೋನಿನ ರೆಕಾರ್ಡರ್ ಹಚ್ಚಿ ಆಯಿ ಮುಂದೆ ಇಡ್ತೀನಿ, ಮೈಯ ಒಂದೊಂದು ಜಾಗ ಮುಟ್ಟಿ ಕೇಳ್ತೀನಿ: ಇಲ್ಲಿ ಹಿಂಗಾದರೆ ಏನಂತಿ? ಕಾಲು ಜೋಮು ಹಿಡಿಯೋದು ಬೇರೆ, ಸೆಳೆಯೋದು ಬೇರೆ, ಹರಿಯೋದು ಬೇರೆ. ಹೊಟ್ಟೆ ಕಡಿಯೋದು, ಹೊಟ್ಟೆ ಮುರಿಯೋದು, ಹೊಟ್ಟೆ ಉಬ್ಬೋದು ಒಂದೇ ಅಲ್ಲ. ಎದೆ ಹಿಂಡೋದು, ಎದೆ ಉರಿಯೋದು, ಎದೆ ಬಡಿಯೋದು ಅಂತೂ ಅಲ್ಲವೇ ಅಲ್ಲ, ಅದನ್ನ ಯಾವ ಡಾಕ್ಟರನ್ನ ಬೇಕಾದರೂ ಕೇಳಿ. ತಲೆಗೆ ಮಾತ್ರ ಇದುವರೆಗೂ ಒಂಬತ್ತು ಸಿಕ್ಕಿವೆ: ನೋಯೋದು, ಸಿಡಿಯೋದು, ಹಿಡಿಯೋದು, ದಿಮ್ಮ ಅನ್ನೋದು, ಭಾರ ಆಗೋದು, ತಿರುಗೋದು, ಜಗ್ಗೋದು, ಬ್ಯಾನಿ, ಶೂಲಿ. ಪ್ರತಿಯೊಂದಕ್ಕೂ ಆಯಿ ಬೇರೆ ಬೇರೆ ಮುಖ ಮಾಡಿ ತೋರಿಸ್ತಾಳೆ, ಅದು ರೆಕಾರ್ಡರಿನಲ್ಲಿ ಬರಲ್ಲ ಅನ್ನೋದೇ ಬೇಜಾರು.

ನಿಮ್ಮ ಮನೆಯಲ್ಲಿ ಆಯಿ, ಅಜ್ಜಿ, ಅಮ್ಮಮ್ಮ, ದೊಡ್ಡವ್ವ ಯಾರಿದ್ದರೂ ಕೇಳಿ, ತಲೆನೋವಿಗೆ ಏನೇನು ಅಂತಾರೆ ಅಂತ. ವಾಯ್ಸ್ ನೋಟ್ ಕಳಿಸಿ, ಊರಿನ ಹೆಸರು ಹೇಳಿ, ಅವರ ಬಾಯಲ್ಲೇ ಹೇಳಿಸಿ. ನೀವು ನಡುವೆ ಬಾಯಿ ಹಾಕಬೇಡಿ.

ಮೊನ್ನೆ ಈ ಎಪಿಸೋಡಿನ ವಿಷಯ ಹೇಳೋಕೆ ಆಯಿಗೆ ಫೋನ್ ಮಾಡಿದ್ದೆ. ನಿನ್ನ ಶೂಲಿ ಬಗ್ಗೆ ಮಂದಿಗೆಲ್ಲ ಹೇಳ್ತೀನಿ ಆಯಿ, ಅರ್ಧ ತಾಸು ಮಾತಾಡ್ತೀನಿ ಅಂದೆ. "ಅರ್ಧ ತಾಸ?" ಅಂದಳು. "ಕೇಳಾವರಿಗೆ ತಲಿಬ್ಯಾನಿ ಬರತೈತೋ ತಮ್ಮಾ."